ಬಗಾನ್ ದೇಗುಲಗಳು, ಐರಾವತಿ ನದಿ ಮತ್ತು ದಡದ ಹಳ್ಳಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾನ್ಮಾರ್‌ನ ಬಗಾನ್ ಬಯಲಿನ ಬೌದ್ಧ ದೇಗುಲಗಳನ್ನು ನೋಡುವುದು ಒಂದು ಪ್ರವಾಸ, ಐರಾವತಿಯಲ್ಲಿ ದೋಣಿ ಪಯಣ ಮಾಡುವುದು ಇನ್ನೊಂದು ಪ್ರವಾಸ ಎಂದು ಬಹಳ ಮಂದಿ ಅಂದುಕೊಂಡಿರುತ್ತಾರೆ. ನನ್ನ ಪ್ರಕಾರ ಇವೆರಡನ್ನು ಬೇರ್ಪಡಿಸಿದರೆ ಎರಡೂ ಅರ್ಧವಾಗುತ್ತವೆ. ಆ ಗುಡಿಗಳ ಇಟ್ಟಿಗೆ, ಕಟ್ಟಿದವರಿಗೆ ಬೇಕಾದ ಅಕ್ಕಿ, ಬಾಗಿಲ ತೇಗ, ದೂರದೇಶದ ಭಿಕ್ಷುಗಳು ಮತ್ತು ವ್ಯಾಪಾರಿಗಳು ಬಂದದ್ದು ಆ ನೀರಿನ ಮೇಲೆಯೇ. ಕೆಳಗಿನ ಉತ್ತರಗಳನ್ನು ಆ ನಂಬಿಕೆಯಿಂದಲೇ ಬರೆದಿದ್ದೇನೆ.

ಈಗ ಅಲ್ಲಿಗೆ ಹೋಗಬಹುದೇ?

ಉಳಿದೆಲ್ಲ ಪ್ರಶ್ನೆಗಳಿಗಿಂತ ಮೊದಲು ಇದಕ್ಕೆ ಉತ್ತರ ಬೇಕು. 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಸಿದುಕೊಂಡ ಮೇಲೆ ದೇಶದ ಬಹುಭಾಗ ಅಂತರ್ಯುದ್ಧದಲ್ಲಿ ಬೇಯುತ್ತಿದೆ. ಯಾಂಗೋನ್ ಮತ್ತು ಬಗಾನ್‌ಗೆ ಪ್ರವಾಸಿಗರು ಹೋಗಿಬಂದಿದ್ದಾರೆ, ನಿಜ. ಆದರೆ ಬಗಾನ್‌ನ ಆಚೆ ದಡದಲ್ಲಿರುವ ಪಕೊಕ್ಕು ಕಡೆಯ ಪ್ರದೇಶ ಮತ್ತು ಮಂಡಾಲೆಯ ಎದುರು ದಡದ ಸಗಾಯಿಂಗ್ ಪ್ರಾಂತ್ಯ ಎರಡೂ ಸಂಘರ್ಷ ಕಂಡ ನೆಲ. ಮಂಡಾಲೆ ಮತ್ತು ಬಗಾನ್ ನಡುವೆ ಹಲವು ದಿನಗಳ ಪಯಣ ಮಾಡಿಸುತ್ತಿದ್ದ ಪ್ರವಾಸಿ ಹಡಗುಗಳಲ್ಲಿ ಹೆಚ್ಚಿನವು ಸೇವೆ ನಿಲ್ಲಿಸಿದವು. ಇದು ಸಾಲದೆಂಬಂತೆ 2025ರ ಮಾರ್ಚ್ 28ರಂದು 7.7 ತೀವ್ರತೆಯ ಭೂಕಂಪ ಮಂಡಾಲೆ, ಸಗಾಯಿಂಗ್, ಇನ್ವಾ ಊರುಗಳನ್ನು ನೆಲಕ್ಕೆ ಕೆಡವಿತು. ನದಿಗೆ 1934ರಲ್ಲಿ ಕಟ್ಟಿದ್ದ ಹಳೆಯ ಅವಾ ಸೇತುವೆ ಕುಸಿದು ಬಿತ್ತು.

ಚಿಕ್ಕ ಮಕ್ಕಳು, ವಯಸ್ಸಾದ ತಂದೆತಾಯಿಯರೊಂದಿಗೆ ಹೊರಡುವವರಿಗೆ ಸದ್ಯ ಬೇಡ ಎಂದೇ ಹೇಳುತ್ತೇನೆ. ಹೊರಟೇ ತೀರುವವರು ಭಾರತದ ವಿದೇಶಾಂಗ ಸಚಿವಾಲಯ ಮತ್ತು ಯಾಂಗೋನ್‌ನ ಭಾರತೀಯ ರಾಯಭಾರ ಕಚೇರಿಯ ಸೂಚನೆಗಳನ್ನು ಟಿಕೆಟ್ ಕಾಯ್ದಿರಿಸುವ ಮೊದಲೂ, ಹೊರಡುವ ಹಿಂದಿನ ದಿನವೂ ಓದಿ. ಯಾಂಗೋನ್‌ನಿಂದ ನ್ಯಾಂಗ್ ಊ ವಿಮಾನ ನಿಲ್ದಾಣಕ್ಕೆ ವಿಮಾನದಲ್ಲಿ ಹೋಗಿ, ವಿಮಾನದಲ್ಲೇ ಮರಳಿ. ದೂರದ ರಸ್ತೆ ಪ್ರಯಾಣ ಬೇಡ. ಯುದ್ಧದಿಂದಾಗುವ ಹಾನಿಯನ್ನು ಸಾಮಾನ್ಯ ಪ್ರವಾಸ ವಿಮೆ ಭರಿಸುವುದಿಲ್ಲ; ವಿಮಾಪತ್ರದ ಸಣ್ಣ ಅಕ್ಷರಗಳನ್ನು ಓದಿ ನೋಡಿ.

ಇನ್ನೊಂದು ಮಾತು. ಥಾಯ್ಲೆಂಡ್ ಗಡಿಯ ಮ್ಯಾವಡ್ಡಿ ಭಾಗದಲ್ಲಿ ಕೆಲಸ ಕೊಡಿಸುವುದಾಗಿ ನಂಬಿಸಿ ಕರೆದೊಯ್ದು ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ದುಡಿಸಿಕೊಂಡ ಭಾರತೀಯರ ಸಂಖ್ಯೆ ಸಣ್ಣದಲ್ಲ. ಪ್ರವಾಸದ ಜೊತೆಗೆ ಉದ್ಯೋಗದ ಮಾತು ಯಾರಾದರೂ ಎತ್ತಿದರೆ ಅಲ್ಲಿಗೇ ನಿಲ್ಲಿಸಿ.

ಒಂದೇ ಬಯಲಿನಲ್ಲಿ ಇಷ್ಟೊಂದು ಗುಡಿಗಳೇಕೆ?

ಇಲ್ಲಿ ದಾಖಲಾದ ಸ್ಮಾರಕಗಳು 3,500ಕ್ಕೂ ಹೆಚ್ಚು. 1044ರಲ್ಲಿ ಪಟ್ಟಕ್ಕೆ ಬಂದ ಅನವ್ರಥ ದೊರೆ ಐರಾವತಿ ಕಣಿವೆಯನ್ನು ಒಂದು ರಾಜ್ಯವಾಗಿಸಿ ಥೇರವಾದ ಎಂಬ ಬೌದ್ಧ ಪಂಥಕ್ಕೆ ಆಶ್ರಯ ಕೊಟ್ಟ. ಅಲ್ಲಿಂದ ಹದಿಮೂರನೇ ಶತಮಾನದ ಕೊನೆಯವರೆಗೆ ಕಟ್ಟಡದ ಕೆಲಸ ನಿಲ್ಲಲೇ ಇಲ್ಲ. ದೊರೆಗಳಷ್ಟೇ ಕಟ್ಟಿಸಿದರು ಎಂದುಕೊಳ್ಳಬೇಡಿ. ರಾಣಿಯರು, ಮಂತ್ರಿಗಳು, ಅಧಿಕಾರಿಗಳು, ಉಳ್ಳ ಗೃಹಸ್ಥರು ಎಲ್ಲರೂ ಪುಣ್ಯ ಸಂಪಾದನೆಗಾಗಿ ಗುಡಿ, ಸ್ತೂಪ, ವಿಹಾರ ಕಟ್ಟಿಸಿದರು. ಜೊತೆಗೆ ಭೂಮಿಯನ್ನೂ ಅದನ್ನು ಉಳುವ ಜನರನ್ನೂ ದತ್ತಿ ಬಿಟ್ಟರು. ಹೀಗೆ ದತ್ತಿಯಾದ ನೆಲಕ್ಕೆ ತೆರಿಗೆ ಇರಲಿಲ್ಲ. ಪುಣ್ಯ ಬೆಳೆದಂತೆಲ್ಲ ಬೊಕ್ಕಸ ಸೊರಗಿತು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಆ ಮೇಲೆ 1280ರ ದಶಕದ ಮಂಗೋಲ್ ದಾಳಿಗಳು ರಾಜ್ಯದ ಬೆನ್ನು ಮುರಿದವು.

ಕೆಲವು ಗುಡಿಗಳ ಇಟ್ಟಿಗೆಯ ಮೇಲೆ ಅದನ್ನು ಸುಟ್ಟ ಹಳ್ಳಿಯ ಹೆಸರಿನ ಮುದ್ರೆ ಇದೆ. ಕೈಗೆ ಎಟುಕುವ ಎತ್ತರದಲ್ಲಿ ಅಂಥದೊಂದು ಮುದ್ರೆ ಕಂಡರೆ ನಿಂತು ನೋಡಿ. ಗುಡಿಯ ಇತಿಹಾಸ ದೊರೆಯ ಶಾಸನದಲ್ಲಿ ಇರುವಷ್ಟೇ ಆ ಮುದ್ರೆಯಲ್ಲೂ ಇದೆ.

ಯುನೆಸ್ಕೊ ಬಗಾನನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2019ರಲ್ಲಿ. ಅಷ್ಟು ತಡವಾಗಲು ಕಾರಣವಿದೆ. 1990ರ ದಶಕದಲ್ಲಿ ಸೇನಾ ಆಡಳಿತ ಬಿದ್ದುಹೋದ ನೂರಾರು ಗುಡಿಗಳನ್ನು ಹೊಸ ಇಟ್ಟಿಗೆಯಿಂದ, ಊಹೆಯ ಮೇಲೆ ಮತ್ತೆ ಕಟ್ಟಿಸಿತು. ಹಳೆ ಬಗಾನ್‌ನ ಗುಡಿಗಳ ನಡುವೆ ಬದುಕಿದ್ದ ಜನರನ್ನು 1990ರಲ್ಲಿ ಎಬ್ಬಿಸಿ ಹೊಸ ಬಗಾನ್ ಎಂಬ ಊರಿಗೆ ಸಾಗಿಸಲಾಯಿತು. ನೀವು ತಂಗುವ ಅತಿಥಿಗೃಹದ ಒಡೆಯರು ಆ ಕುಟುಂಬಗಳಲ್ಲಿ ಒಂದಾಗಿರಬಹುದು.

ಎರಡು ದಿನ ಮಾತ್ರ ಇದೆ. ಯಾವ ಗುಡಿಗಳನ್ನು ನೋಡಲಿ?

ಆನಂದ ದೇಗುಲದಿಂದ ಆರಂಭಿಸಿ. ಹನ್ನೆರಡನೇ ಶತಮಾನದ ಆದಿಯಲ್ಲಿ ಕ್ಯಾನ್‌ಸಿತ್ಥ ದೊರೆ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೆ ನಾಲ್ಕು ನಿಂತ ಬುದ್ಧರು, ಒಬ್ಬೊಬ್ಬರೂ 9 ಮೀಟರಿಗಿಂತ ಎತ್ತರ. ಉತ್ತರ ಮತ್ತು ದಕ್ಷಿಣದ ವಿಗ್ರಹಗಳು ಮೂಲದವು. ಉಳಿದೆರಡು ಬೆಂಕಿಗೆ ಸಿಕ್ಕಿ ನಂತರ ಹೊಸದಾಗಿ ಮಾಡಿಟ್ಟವು. ದಕ್ಷಿಣದ, ಗೌತಮನಿಗೂ ಹಿಂದಿನವನೆಂದು ನಂಬುವ ಕಾಶ್ಯಪ ಬುದ್ಧನನ್ನು ಬಾಗಿಲ ಬಳಿಯಿಂದ ನೋಡಿ, ತುಟಿಯಂಚಿನಲ್ಲಿ ನಗು ಇರುತ್ತದೆ. ನಿಧಾನವಾಗಿ ಪಾದದ ತನಕ ನಡೆದು ತಲೆಯೆತ್ತಿ, ಅದೇ ಮುಖ ಗಂಭೀರವಾಗಿರುತ್ತದೆ. ದೂರದಲ್ಲಿ ನಿಲ್ಲುತ್ತಿದ್ದ ಪ್ರಜೆಗೆ ಒಂದು ಭಾವ, ಹತ್ತಿರ ಬರುತ್ತಿದ್ದ ದೊರೆಗೆ ಇನ್ನೊಂದು ಭಾವ ಎಂದು ಅಲ್ಲಿಯವರು ಹೇಳುತ್ತಾರೆ. ಪುಷ್ಯ ಮಾಸದ ಹೊತ್ತಿಗೆ ಬರುವ ಹುಣ್ಣಿಮೆಗೆ ಇಲ್ಲಿ ಜಾತ್ರೆ ನಡೆಯುತ್ತದೆ. ಸುತ್ತಲಿನ ಹಳ್ಳಿಗಳವರು ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಬಯಲಿನಲ್ಲೇ ಬೀಡುಬಿಡುವ ರೂಢಿ ಹಳೆಯದು. ಈ ಗುಡಿಯ ಸಂರಕ್ಷಣೆಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಹಲವು ವರ್ಷ ಕೆಲಸ ಮಾಡಿದೆ.

ಎರಡನೆಯದಾಗಿ ಮ್ಯಿಂಕಬಾ ಹಳ್ಳಿಯ ಗುಬ್ಯೌಕ್‌ಜಿ. ಗಾತ್ರದಲ್ಲಿ ಸಣ್ಣದು, ಒಳಗೆ ಕತ್ತಲೆ. ಟಾರ್ಚ್ ಬೆಳಕು ಗೋಡೆಯ ಮೇಲೆ ಸರಿದಂತೆ ಬುದ್ಧನ ಹಿಂದಿನ ಜನ್ಮಗಳ ಜಾತಕ ಕಥೆಗಳು ಚೌಕ ಚೌಕವಾಗಿ, ಪ್ರತಿ ಚೌಕದಡಿ ಬರಹದೊಂದಿಗೆ ತೆರೆದುಕೊಳ್ಳುತ್ತವೆ. ಛಾಯಾಚಿತ್ರ ತೆಗೆಯುವಂತಿಲ್ಲ, ಬಣ್ಣ ಉಳಿಯಬೇಕಾದರೆ ಅದು ಸರಿಯಾದ ನಿಯಮ. ಇದನ್ನು 1113ರ ಸುಮಾರಿಗೆ ಕಟ್ಟಿಸಿದವನು ಕ್ಯಾನ್‌ಸಿತ್ಥನ ಮಗ ರಾಜಕುಮಾರ. ತಂದೆ ಸಾವಿನ ಹಾಸಿಗೆಯಲ್ಲಿದ್ದಾಗ ಆತ ತಾಯಿಯ ಒಡವೆಗಳಿಂದ ಚಿನ್ನದ ಬುದ್ಧನನ್ನು ಮಾಡಿಸಿ ಅರ್ಪಿಸಿದ. ಆ ಸಂಗತಿಯನ್ನು ಪ್ಯೂ, ಮೋನ್, ಬರ್ಮೀ, ಪಾಳಿ ಎಂಬ ನಾಲ್ಕು ಭಾಷೆಗಳಲ್ಲಿ ಕಲ್ಲಿನ ಮೇಲೆ ಕೊರೆಸಿದ. ಓದುವವರೇ ಇಲ್ಲದೆ ಹೋಗಿದ್ದ ಪ್ಯೂ ಭಾಷೆಯ ಬೀಗ ತೆರೆದದ್ದು ಪಕ್ಕದಲ್ಲೇ ಇರುವ ಈ ಮ್ಯಾಜೆಡಿ ಶಾಸನದಿಂದ. ರಾಜ್ಯ ಮಾತ್ರ ಅವನಿಗೆ ಸಿಗಲಿಲ್ಲ. ಕ್ಯಾನ್‌ಸಿತ್ಥನ ಮಗಳ ಮಗ ಅಲೌಂಗ್‌ಸಿತು ಪಟ್ಟಕ್ಕೆ ಬಂದ. ಬಗಾನ್‌ನ ಅಷ್ಟೂ ಶಾಸನಗಳಲ್ಲಿ ನನಗೆ ತೀರಾ ಹತ್ತಿರವಾದದ್ದು ಇದು.

ಮೂರನೆಯದು ಧಮ್ಮಯಾಂಜಿ, ಬಯಲಿನ ಅತ್ಯಂತ ಬೃಹತ್ತಾದ ಗುಡಿ. ತಂದೆಯನ್ನು ಕೊಂದು ಪಟ್ಟವೇರಿದನೆಂದು ವೃತ್ತಾಂತಗಳು ಹೇಳುವ ನರಥು ಕಟ್ಟಿಸಿದ್ದು. ಇಟ್ಟಿಗೆಗಳ ನಡುವೆ ಸೂಜಿ ತೂರುವಷ್ಟೂ ಜಾಗವಿಲ್ಲದ ಜೋಡಣೆ. ಒಳಗಿನ ಪ್ರದಕ್ಷಿಣಾ ಪಥವನ್ನು ಯಾವುದೋ ಕಾಲದಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ್ದಾರೆ. ಸಮಯ ಉಳಿದರೆ 1183ರ ಸುಲಮಣಿ, ನಂತರ ಮಿನ್ನಂಥು ಕಡೆಯ ಪಯಥೊನ್‌ಜು. ಅಲ್ಲಿ ಮೂರು ಪುಟ್ಟ ಗುಡಿಗಳು ಬೆಸೆದುಕೊಂಡಿವೆ, ಚಿತ್ರದ ಕೆಲಸ ಅರ್ಧಕ್ಕೇ ನಿಂತಿದೆ. ಸಣ್ಣ ಗುಡಿಗಳ ಬೀಗದ ಕೈ ಹತ್ತಿರದ ಹಳ್ಳಿಯ ಯಾರದೋ ಮನೆಯಲ್ಲಿರುತ್ತದೆ. ಕೇಳಿದರೆ ತಂದು ತೆರೆಯುತ್ತಾರೆ. ಕೈಯಲ್ಲಿ ಕಾಣಿಕೆ ಇಡುವುದು ಮರ್ಯಾದೆ.

ಗುಡಿಗಳ ವಾಸ್ತುವಿನಲ್ಲಿ ಏನನ್ನು ಗಮನಿಸಬೇಕು?

ಒಳಗೆ ಹೋಗಲಾಗದ ಘನ ಸ್ತೂಪ ಒಂದು ಬಗೆ. ಶ್ವೇಜಿಗೊನ್ ಅದಕ್ಕೆ ಮಾದರಿ. ಗರ್ಭಗೃಹ, ಪ್ರದಕ್ಷಿಣಾ ಪಥ ಇರುವ ಗುಡಿ ಇನ್ನೊಂದು ಬಗೆ. ಐಹೊಳೆ, ಬೇಲೂರುಗಳ ಕಂಬ ಮತ್ತು ತೊಲೆಯ ಕಟ್ಟಡಗಳಿಗೆ ಕಣ್ಣು ಪಳಗಿದವರು ಇಲ್ಲಿ ಬಾಗಿಲ ಮೇಲ್ಭಾಗ ನೋಡಲೇಬೇಕು. ಇಟ್ಟಿಗೆಗಳನ್ನು ಬೆಣೆಯಂತೆ ನಿಲ್ಲಿಸಿ ಮಾಡಿದ ನಿಜವಾದ ಕಮಾನು ಅದು. ಆ ಕಾಲದ ಆಗ್ನೇಯ ಏಷ್ಯಾದಲ್ಲಿ ಈ ವಿದ್ಯೆ ಇಷ್ಟು ಧಾರಾಳವಾಗಿ ಬಳಕೆಯಾದ ಜಾಗ ಬೇರೆ ಇಲ್ಲ. ಅಷ್ಟಿದ್ದರೂ 1975ರ ಜುಲೈ 8 ಮತ್ತು 2016ರ ಆಗಸ್ಟ್ 24ರ ಭೂಕಂಪಗಳು ನೂರಾರು ಸ್ಮಾರಕಗಳಿಗೆ ಪೆಟ್ಟು ಕೊಟ್ಟವು.

ಕರ್ನಾಟಕಕ್ಕೂ ಬಗಾನ್‌ಗೂ ನಂಟು ಇದೆಯೇ?

ಇದೆ, ವ್ಯಾಪಾರದ ಮೂಲಕ. ಬಗಾನ್‌ನಲ್ಲಿ ಸಿಕ್ಕ ಹದಿಮೂರನೇ ಶತಮಾನದ ಒಂದು ಶಾಸನ ಸಂಸ್ಕೃತ ಶ್ಲೋಕದಿಂದ ಶುರುವಾಗಿ ತಮಿಳಿನಲ್ಲಿ ಮುಂದುವರಿಯುತ್ತದೆ. ಮಲೈಮಂಡಲದಿಂದ, ಅಂದರೆ ಇಂದಿನ ಕೇರಳದ ಕಡೆಯಿಂದ ಬಂದ ಕುಲಶೇಖರ ನಂಬಿ ಎಂಬಾತ ಅಲ್ಲಿನ ವಿಷ್ಣು ಗುಡಿಗೆ ಮಂಟಪ, ಬಾಗಿಲು, ನಂದಾದೀಪ ಕೊಟ್ಟನೆಂದು ಅದು ಹೇಳುತ್ತದೆ. ಆ ಗುಡಿಯ ಹೆಸರಿನಲ್ಲೇ ‘ನಾನಾದೇಶಿ’ ಎಂಬ ಮಾತಿದೆ. ದೇಶ ದೇಶ ತಿರುಗುವ ವರ್ತಕರ ಈ ಸಂಘವನ್ನು ಐಹೊಳೆಯ ಅಯ್ಯಾವೊಳೆ ಐನೂರ್ವರ ಶಾಸನಗಳಲ್ಲಿ ಕನ್ನಡಿಗರು ಚೆನ್ನಾಗಿ ಬಲ್ಲರು. ಹಳೆ ಬಗಾನ್ ಕೋಟೆಯೊಳಗೆ ನಾಟ್‌ಲೌಂಗ್ ಕ್ಯಾಂಗ್ ಎಂಬ ವಿಷ್ಣು ದೇಗುಲ ಇಂದಿಗೂ ನಿಂತಿದೆ. ಬೌದ್ಧ ರಾಜಧಾನಿಯ ಗೋಡೆಯೊಳಗೆ ವೈಷ್ಣವ ವರ್ತಕರಿಗೂ ಪೂಜೆಗೆ ಜಾಗವಿತ್ತು ಎಂಬುದು ನೆನಪಿಡಬೇಕಾದ ಸಂಗತಿ.

ಗುಡಿಗಳ ಮೇಲೆ ಹತ್ತಿ ಸೂರ್ಯಾಸ್ತ ನೋಡಬಹುದೇ?

ಇಲ್ಲ, ಹತ್ತುವುದಕ್ಕೆ ನಿಷೇಧವಿದೆ. ಅದಕ್ಕೆಂದೇ ಮಣ್ಣಿನ ದಿಬ್ಬಗಳನ್ನು ಮಾಡಿದ್ದಾರೆ. ನನ್ನ ಆಯ್ಕೆ ಮಾತ್ರ ನದಿ. ಸಂಜೆ ಬುಪಯ ಸ್ತೂಪದ ಕೆಳಗಿನ ಕಡವಿನಿಂದ ದೋಣಿ ಮಾಡಿಕೊಂಡು ಹೊರಟರೆ ಬಗಾನನ್ನು ಹಿಂದಿನವರು ಮೊದಲ ಸಲ ಕಂಡ ದಿಕ್ಕಿನಿಂದಲೇ ಕಾಣಬಹುದು. ಈ ಬುಪಯ 1975ರ ಭೂಕಂಪದಲ್ಲಿ ಒಡೆದು ನದಿಗೆ ಉರುಳಿ, ಆಮೇಲೆ ಮರುನಿರ್ಮಾಣಗೊಂಡದ್ದು. ಹಳೆಯ ಕೋಟೆಯ ಪಶ್ಚಿಮದ ಗೋಡೆಯನ್ನು ನದಿ ಎಂದೋ ನುಂಗಿಬಿಟ್ಟಿದೆ.

ಉಡುಪು, ನಡವಳಿಕೆಯಲ್ಲಿ ಏನು ಎಚ್ಚರ ಬೇಕು?

ಚಪ್ಪಲಿ ಮಾತ್ರವಲ್ಲ, ಕಾಲುಚೀಲವನ್ನೂ ಆವರಣದ ಹೊರಗೇ ಬಿಡಬೇಕು. ಪಾಳುಬಿದ್ದಂತೆ ಕಾಣುವ ಗುಡಿಗೂ ಇದೇ ನಿಯಮ. ಭುಜ, ಮಂಡಿ ಮುಚ್ಚಿರಲಿ. ಬುದ್ಧನ ಕಡೆಗೆ ಕಾಲು ಚಾಚಿ ಕೂರಬೇಡಿ. ಮಹಿಳೆಯರು ಭಿಕ್ಷುಗಳನ್ನು ಮುಟ್ಟುವಂತಿಲ್ಲ. ಬುದ್ಧನ ಚಿತ್ರವಿರುವ ಬಟ್ಟೆ, ಹಚ್ಚೆಗಳು ಅಲ್ಲಿ ಮನಸ್ಸು ನೋಯಿಸುತ್ತವೆ, ಕಾನೂನಿನ ತೊಡಕನ್ನೂ ತರಬಹುದು. ನಡು ಮಧ್ಯಾಹ್ನ ಇಟ್ಟಿಗೆ ನೆಲ ಅಂಗಾಲು ಸುಡುತ್ತದೆ, ಆದ್ದರಿಂದ ಬೆಳಿಗ್ಗೆಯೇ ಹೊರಡಿ. ಈ ಒಣಭೂಮಿಯಲ್ಲಿ ಕೊಳಕುಮಂಡಲ ಹಾವು ಹೆಚ್ಚು. ಪೊದೆ ಬೆಳೆದ ಗುಡಿಗಳಿಗೆ ಟಾರ್ಚ್ ಇಲ್ಲದೆ ಕಾಲಿಡಬೇಡಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನದಿಯೂ ಬತ್ತಿ ದೊಡ್ಡ ಹಡಗುಗಳಿಗೆ ತೊಡಕಾಗುತ್ತದೆ.

ನದಿ ಪಯಣ ಹೇಗಿರುತ್ತದೆ?

ಮ್ಯಿಟ್‌ಚೀನಾದ ಉತ್ತರಕ್ಕೆ ಎರಡು ನದಿಗಳು ಕೂಡಿ ಹುಟ್ಟುವ ಐರಾವತಿ 2,000 ಕಿ.ಮೀ.ಗೂ ಹೆಚ್ಚು ಹರಿದು ಅಂಡಮಾನ್ ಸಮುದ್ರ ಸೇರುತ್ತದೆ. ಒಳ್ಳೆಯ ದಿನಗಳಲ್ಲಿ ಮಂಡಾಲೆಯಿಂದ ಬಗಾನ್‌ಗೆ ವೇಗದ ದೋಣಿ ಹೊಳೆಯ ಸೆಳವಿನೊಂದಿಗೆ ಬೆಳಗಿನಿಂದ ಸಂಜೆಯೊಳಗೆ ಬರುತ್ತಿತ್ತು. ನಿಧಾನದ ಹಡಗುಗಳು ಹಳ್ಳಿ ಹಳ್ಳಿಗೆ ನಿಂತು ಎರಡು ಮೂರು ದಿನ ತೆಗೆದುಕೊಳ್ಳುತ್ತಿದ್ದವು. ಈಗ ಸಾಧ್ಯವಿರುವುದು ಹೆಚ್ಚಾಗಿ ಬಗಾನ್‌ನಿಂದಲೇ ಬಾಡಿಗೆಗೆ ಸಿಗುವ ಸಣ್ಣ ದೋಣಿ. ಎಲ್ಲಿಯವರೆಗೆ ಹೋಗಬಹುದು ಎಂಬ ವಿಷಯದಲ್ಲಿ ಅಂಬಿಗನ ಮಾತೇ ಕೊನೆಯ ಮಾತಾಗಿರಲಿ.

ಬೇಸಿಗೆ ಹತ್ತಿರವಾದಂತೆ ಈ ನದಿ ಹತ್ತಾರು ಸೀಳುಗಳಾಗಿ ಒಡೆಯುತ್ತದೆ. ನಡುವೆ ಮರಳದಿಬ್ಬಗಳು ಏಳುತ್ತವೆ, ಪ್ರತಿ ಮಳೆಗಾಲ ಅವುಗಳ ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷ ಉಪಯೋಗಕ್ಕೆ ಬಾರದು. ಹಡಗಿನ ಮೂತಿಯಲ್ಲಿ ಇಬ್ಬರು ನಿಂತು, ಬಣ್ಣದ ಪಟ್ಟೆ ಬಳಿದ ಉದ್ದನೆ ಬಿದಿರುಗಳನ್ನು ನೀರಿಗೆ ಇಳಿಸಿ ಎತ್ತಿ ಇಳಿಸಿ ಎತ್ತಿ, ಆಳವನ್ನು ಚುಕ್ಕಾಣಿ ಹಿಡಿದವನಿಗೆ ಕೂಗಿ ಹೇಳುತ್ತಿರುತ್ತಾರೆ. ನೀರು ಇಳಿದು ಮೆಕ್ಕಲು ಮೇಲೆದ್ದ ಕೂಡಲೇ ದಡದ ರೈತರು ದಿಬ್ಬಕ್ಕೆ ದಾಟಿ ಕಡಲೆಕಾಯಿ, ಅವರೆ ಜಾತಿಯ ಕಾಳುಗಳನ್ನು ಬಿತ್ತುತ್ತಾರೆ, ತಾತ್ಕಾಲಿಕ ಗುಡಿಸಲು ಹಾಕಿಕೊಳ್ಳುತ್ತಾರೆ. ನೆರೆ ಬರುವ ಮೊದಲು ಎಲ್ಲವನ್ನೂ ಕಿತ್ತುಕೊಂಡು ಮರಳುತ್ತಾರೆ.

ಇತಿಹಾಸದ ಹೊರೆಯೂ ಈ ನೀರಿಗೆ ಕಡಿಮೆಯಿಲ್ಲ. 1885ರಲ್ಲಿ ಬ್ರಿಟಿಷರು ಕೊನೆಯ ದೊರೆ ಥೀಬಾನನ್ನು ಮಂಡಾಲೆಯಿಂದ ಹಡಗು ಹತ್ತಿಸಿ ಇದೇ ನದಿಯಲ್ಲಿ ಕೆಳಗೆ ಒಯ್ದರು. ಆತ ಉಳಿದ ಬದುಕನ್ನು ಕಳೆದದ್ದು ಕೊಂಕಣದ ರತ್ನಾಗಿರಿಯಲ್ಲಿ. 1865ರಲ್ಲಿ ಸ್ಥಾಪನೆಯಾದ ಇರವಾಡಿ ಫ್ಲೊಟಿಲ್ಲಾ ಕಂಪನಿಯ ನೂರಾರು ಹಡಗುಗಳನ್ನು 1942ರಲ್ಲಿ ಜಪಾನೀಯರ ಕೈಗೆ ಸಿಗಬಾರದೆಂದು ಅದರವರೇ ಮುಳುಗಿಸಿದರು.

ದಡದಲ್ಲಿ ನೋಡಲೇಬೇಕಾದ ಹಳ್ಳಿ ಯಾವುದು?

ಮಂಡಾಲೆ ಮತ್ತು ಬಗಾನ್ ನಡುವಿನ ಯಾಂಡಬೊ. ಮೊದಲ ಆಂಗ್ಲೊ–ಬರ್ಮೀ ಯುದ್ಧ ಮುಗಿದದ್ದು 1826ರ ಫೆಬ್ರವರಿ 24ರಂದು ಇಲ್ಲಿ ಆದ ಒಪ್ಪಂದದಿಂದ. ಅಸ್ಸಾಂ, ಮಣಿಪುರಗಳ ಮೇಲಿನ ಹಿಡಿತವನ್ನೂ ಅರಕಾನ್, ತೆನಸ್ಸೆರಿಂ ಪ್ರಾಂತ್ಯಗಳನ್ನೂ ಬರ್ಮಾ ಬಿಟ್ಟುಕೊಟ್ಟಿತು, ಒಂದು ಕೋಟಿ ರೂಪಾಯಿ ದಂಡ ತೆರಲು ಒಪ್ಪಿತು. ಆದರೆ ಹಳ್ಳಿಯ ಇಂದಿನ ಗುರುತು ಗಡಿಗೆ. ಹೆಂಗಸರು ಹೊಳೆದಂಡೆಯ ಜೇಡಿಯನ್ನು ಮರಳಿನೊಂದಿಗೆ ತುಳಿದು ಹದ ಮಾಡಿ, ತಿಗರಿಯ ಮೇಲೆ ಕತ್ತು ಎಬ್ಬಿಸಿ, ನಂತರ ಹೊರಗಿನಿಂದ ಮರದ ಹಲಗೆಯಿಂದ ತಟ್ಟುತ್ತ ಹೊಟ್ಟೆ ಉಬ್ಬಿಸುತ್ತಾರೆ. ಹಲಗೆಯ ಮೇಲಿನ ಗೀರು ಗಡಿಗೆಗೆ ಇಳಿದು ಚಿತ್ತಾರವಾಗುತ್ತದೆ. ಒಣಗಿದ ಮೇಲೆ ಬಯಲಲ್ಲೇ ರಾಶಿ ಹಾಕಿ, ಹುಲ್ಲು ಬೂದಿ ಮುಚ್ಚಿ ಸುಡುತ್ತಾರೆ. ಈ ಗಡಿಗೆಗಳು ನದಿಯ ಮೇಲೆ ಊರೂರಿಗೆ ಹೋಗುತ್ತವೆ. ಬರ್ಮಾದ ಯಾವ ಹಳ್ಳಿಯ ದಾರಿಯಲ್ಲೂ ನೆರಳಿನಡಿ ನೀರು ತುಂಬಿಟ್ಟ ಗಡಿಗೆಗಳ ಅರವಟ್ಟಿಗೆ ಕಾಣುತ್ತದೆ. ದಾರಿಹೋಕರಿಗೆ ನೀರು ಕೊಡುವುದೂ ಅಲ್ಲಿ ಗುಡಿ ಕಟ್ಟಿಸಿದಷ್ಟೇ ಪುಣ್ಯದ ದಾರಿ.

ಬಗಾನ್‌ನಿಂದ ಕೆಳಗೆ ಸಲೆ ಎಂಬ ಊರಿನಲ್ಲಿ ಯೋಕ್‌ಸೋನ್ ವಿಹಾರದ ತೇಗದ ಕೆತ್ತನೆಗಳಿವೆ. ಮಂಡಾಲೆಯಿಂದ ಮೇಲಕ್ಕೆ ಮಿಂಗುನ್‌ನಲ್ಲಿ ಬೊಡೌಪಯ ದೊರೆ 1790ರಲ್ಲಿ ಆರಂಭಿಸಿ ಅರ್ಧಕ್ಕೆ ಬಿಟ್ಟ ಇಟ್ಟಿಗೆಯ ಗುಡ್ಡವೂ ಸುಮಾರು 90 ಟನ್ ತೂಕದ ಘಂಟೆಯೂ ಇವೆ. ಮಿಂಗುನ್ ಇರುವುದು ಸಗಾಯಿಂಗ್ ದಡದಲ್ಲಿ. ಮೇಲೆ ಹೇಳಿದ ಎಚ್ಚರಿಕೆ ಅದಕ್ಕೂ ಸಲ್ಲುತ್ತದೆ.

ಐರಾವತಿ ಡಾಲ್ಫಿನ್ ಕಾಣಿಸುತ್ತವೆಯೇ?

ಮಂಡಾಲೆಯ ಉತ್ತರಕ್ಕೆ, ಮಿಂಗುನ್‌ನಿಂದ ಚೌಕ್‌ಮ್ಯಾಂಗ್‌ವರೆಗಿನ ಹರಿವು 2005ರಿಂದ ಅವುಗಳ ರಕ್ಷಿತ ತಾಣ. ಗುಂಡು ತಲೆಯ, ಕೊಕ್ಕಿಲ್ಲದ ಈ ಜೀವಿ ನಮ್ಮ ಒಡಿಶಾದ ಚಿಲಿಕಾದಲ್ಲೂ ಇದೆ. ಇಲ್ಲಿನ ವಿಶೇಷವೆಂದರೆ ಬೆಸ್ತರೊಂದಿಗೆ ಅವುಗಳ ಒಡನಾಟ. ಬೆಸ್ತ ಮರದ ಗೂಟದಿಂದ ದೋಣಿಯ ಅಂಚನ್ನು ಟಕಟಕನೆ ಬಡಿದು ಕರೆಯುತ್ತಾನೆ. ಬಂದ ಡಾಲ್ಫಿನ್‌ಗಳು ಮೀನಿನ ಹಿಂಡನ್ನು ದೋಣಿಯ ಕಡೆಗೆ ಅಟ್ಟುತ್ತವೆ, ಬಾಲ ಎತ್ತಿ ಸೂಚನೆ ಕೊಟ್ಟೊಡನೆ ಬೀಸುಬಲೆ ಹಾರುತ್ತದೆ. ಬಲೆಯಿಂದ ತಪ್ಪಿಸಿಕೊಂಡ ಮೀನು ಡಾಲ್ಫಿನ್‌ಗೆ. ವಿದ್ಯುತ್ ಹರಿಸಿ ಮೀನು ಹಿಡಿಯುವ ದುಷ್ಟ ಪದ್ಧತಿ ಈ ಒಡನಾಟವನ್ನೇ ಅಳಿಸುವ ಹಂತಕ್ಕೆ ತಂದಿದೆ.

ಹಳ್ಳಿಯವರೊಂದಿಗೆ ಹೇಗೆ ವರ್ತಿಸಬೇಕು?

ಮುಖ ತೋರುವ ಚಿತ್ರ ತೆಗೆಯುವ ಮೊದಲು ಕೇಳಿ. ಮಕ್ಕಳಿಗೆ ದುಡ್ಡು, ಮಿಠಾಯಿ ಹಂಚಬೇಡಿ. ಕೊಡಬೇಕೆನಿಸಿದರೆ ವಿಹಾರದ ಶಾಲೆಗೆ ಹಿರಿಯರ ಮೂಲಕ ಕೊಡಿ. ರಾಜಕೀಯದ ಮಾತನ್ನು ನೀವಾಗಿ ಎತ್ತಲೇಬೇಡಿ. ನಿಮ್ಮ ಕುತೂಹಲಕ್ಕೆ ಬೆಲೆ ತೆರಬೇಕಾದವರು ಅವರು. 2024ರಲ್ಲಿ ಕಡ್ಡಾಯ ಸೇನಾ ಸೇವೆ ಜಾರಿಗೆ ಬಂದ ಮೇಲೆ ಎಷ್ಟೋ ಯುವಕರು ಊರು ಬಿಟ್ಟಿದ್ದಾರೆ. ಮಗನೆಲ್ಲಿ ಎಂದು ತಾಯಿಯೊಬ್ಬಳನ್ನು ಕೇಳುವುದೂ ಸಲ್ಲದು. ಕುಟುಂಬದವರು ನಡೆಸುವ ಅತಿಥಿಗೃಹ, ಊರಿನ ಗೈಡ್, ಊರಿನ ಊಟದಂಗಡಿಗೇ ನಿಮ್ಮ ಹಣ ಸೇರಲಿ.

ಸಸ್ಯಾಹಾರ ಸಿಗುತ್ತದೆಯೇ?

‘ತೆತ್ತಲ್ಲೊ’ ಎಂದು ಕೇಳಿ, ಸಸ್ಯಾಹಾರ ಎಂದು ಅರ್ಥವಾಗುತ್ತದೆ. ಆದರೂ ಮೀನಿನ ಗೊಜ್ಜು ಮತ್ತು ಒಣಸಿಗಡಿ ಬೇಡವೆಂದು ಬಿಡಿಸಿ ಹೇಳಿ; ಹೆಸರುವಾಸಿಯಾದ ಚಹಾ ಎಲೆಯ ಕೋಸಂಬರಿಯಲ್ಲೂ ಒಣಸಿಗಡಿ ಇರುತ್ತದೆ. ಕಡಲೆಹಿಟ್ಟಿನಿಂದ ಮಾಡುವ ಶಾನ್ ತೋಫು ನಮ್ಮ ನಾಲಿಗೆಗೆ ಹಿಡಿಸುತ್ತದೆ. ಬಗಾನ್ ಹೊರವಲಯದಲ್ಲಿ ಎತ್ತು ಕಟ್ಟಿದ ಗಾಣ, ತಾಳೆಬೆಲ್ಲ ಕುದಿಸುವ ಒಲೆಗಳಿವೆ. ಬಿಸಿ ಬೆಲ್ಲದ ಉಂಡೆಯನ್ನು ಹುರಿದ ಎಳ್ಳಿನೊಂದಿಗೆ ತಿನ್ನದೆ ಬರಬೇಡಿ.

ವೀಸಾ, ಹಣ, ಫೋನ್?

ಭಾರತೀಯರಿಗೆ 28 ದಿನಗಳ ಪ್ರವಾಸಿ ಇ-ವೀಸಾ ಸಿಗುತ್ತದೆ. ಬೆಂಗಳೂರಿನಿಂದ ಬ್ಯಾಂಕಾಕ್ ಅಥವಾ ಕೋಲ್ಕತ್ತದ ಮೂಲಕ ಯಾಂಗೋನ್ ತಲುಪಬಹುದು. ಮಡಿಕೆ, ಕಲೆ, ಗೀಚು ಇಲ್ಲದ ಹೊಸ ಡಾಲರ್ ನೋಟುಗಳನ್ನೇ ಒಯ್ಯಿರಿ. ಫೇಸ್‌ಬುಕ್, ವಾಟ್ಸ್ಆ್ಯಪ್‌ಗಳಿಗೆ ಅಲ್ಲಿ ತಡೆ ಇದೆ, ಮನೆಯವರಿಗೆ ಮೊದಲೇ ತಿಳಿಸಿಡಿ. ಗಡಿಯಾರ ನಮಗಿಂತ ಒಂದು ಗಂಟೆ ಮುಂದು.

ಏನನ್ನು ಕೊಂಡು ತರಬಹುದು?

ಮ್ಯಿಂಕಬಾದ ಮೆರುಗಿನ ಪಾತ್ರೆ. ಚನ್ನಪಟ್ಟಣದ ಗೊಂಬೆಗೆ ಹಚ್ಚುವುದು ಕೀಟದಿಂದ ಬರುವ ಅರಗು. ಇಲ್ಲಿಯದು ತಿಟ್ಸಿ ಮರದ ಕಪ್ಪು ಹಾಲು. ಬಿದಿರಿನ ಸೀಳು ಅಥವಾ ಕುದುರೆ ಕೂದಲಿನಿಂದ ಹೆಣೆದ ಬಟ್ಟಲಿಗೆ ಅದನ್ನು ಪದರ ಪದರವಾಗಿ ಬಳಿದು, ಪ್ರತಿ ಪದರವನ್ನೂ ತೇವದ ನೆಲಮಾಳಿಗೆಯಲ್ಲಿ ದಿನಗಟ್ಟಲೆ ಆರಿಸಿ, ಕೊನೆಗೆ ಕಬ್ಬಿಣದ ಕಡ್ಡಿಯಿಂದ ಕೈಬರಹದಲ್ಲೇ ಚಿತ್ತಾರ ಕೊರೆಯುತ್ತಾರೆ. ಒಳ್ಳೆಯ ಒಂದು ಬಟ್ಟಲಿಗೆ ತಿಂಗಳುಗಳು ಹಿಡಿಯುತ್ತವೆ. ಕುದುರೆ ಕೂದಲಿನ ಬಟ್ಟಲಾದರೆ ಅಂಚುಗಳನ್ನು ಒತ್ತಿದಾಗ ಒಂದಕ್ಕೊಂದು ತಾಗುವಷ್ಟು ಬಾಗಿ ಮತ್ತೆ ಮೊದಲಿನಂತಾಗುತ್ತದೆ. ತಯಾರಾಗುವ ಮನೆಯಲ್ಲೇ ಕೊಳ್ಳಿ, ಅತಿಯಾಗಿ ಚೌಕಾಸಿ ಬೇಡ. ಹಳೆಯದೆಂದು ಹೇಳಿ ಮಾರುವ ಬುದ್ಧನ ವಿಗ್ರಹ, ಗುಡಿಯ ಫಲಕದ ಚೂರು, ಮುದ್ರೆಯಿರುವ ಇಟ್ಟಿಗೆ ಇವನ್ನು ಕೈಯಿಂದಲೂ ಮುಟ್ಟಬೇಡಿ. ಪ್ರಾಚ್ಯವಸ್ತುಗಳನ್ನು ದೇಶದಾಚೆ ಒಯ್ಯುವುದು ಅಪರಾಧ. ಕೊಳ್ಳುವವರು ಇರುವ ತನಕ ಬಯಲಿನ ಒಂಟಿ ಗುಡಿಗಳ ಗೋಡೆ ಅಗೆಯುವವರೂ ಇರುತ್ತಾರೆ.